ಬರ ತಾಳುವ ಯೀಸ್ಟ್ ಬೆಳೆಗೂ ಬರ ತಾಳಿಸೀತೇ?

2023ರ ಮುಂಗಾರು ಕೈಕೊಟ್ಟಾಗ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳನ್ನು ಸರ್ಕಾರ ಬರಪೀಡಿತ ಎಂದು ಘೋಷಿಸಿತ್ತು. ಮರುವರ್ಷದ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಬತ್ತಿ, ಟ್ಯಾಂಕರ್ ನೀರಿಗೆ ಮುಗಿಬೀಳಬೇಕಾಗಿ ಬಂದಾಗ ಬೆಂಗಳೂರಿನವರಿಗೆ ಅದರ ಬಿಸಿ ತಟ್ಟಿತು; ನಗರದಿಂದ ಒಂದೆರಡು ಗಂಟೆಯ ಹಾದಿಯಲ್ಲಿರುವ ದೊಡ್ಡಬಳ್ಳಾಪುರ, ಮಾಗಡಿ, ಮಾಲೂರು ಕಡೆಯ ರಾಗಿ ಹೊಲಗಳು ಆ ಪೆಟ್ಟನ್ನು ಅದಕ್ಕೂ ಎಷ್ಟೋ ತಿಂಗಳು ಮೊದಲೇ ತಿಂದಿದ್ದವು. ಮಳೆಯನ್ನು ನಂಬಿದ ಇಂಥ ಬೇಸಾಯಕ್ಕೆ ನೆರವಾಗಬಲ್ಲವು ಎಂದು ಕೃಷಿ ಸೂಕ್ಷ್ಮಜೀವಿ ವಿಜ್ಞಾನ ಮುಂದಿಡುತ್ತಿರುವ ಜೀವಿಗಳ ಪಟ್ಟಿಗೆ ಈಗ ಯೀಸ್ಟ್ ಕೂಡ ಸೇರಿಕೊಂಡಿದೆ. ಬಿಸಿಲು, ಉಪ್ಪು, ಒಣಗುವಿಕೆ ಯಾವುದಕ್ಕೂ ಸುಲಭವಾಗಿ ಜಗ್ಗದ ಯೀಸ್ಟ್ ತಳಿಗಳನ್ನು ಆರಿಸಿ, ಬೀಜಕ್ಕೆ ಲೇಪಿಸಿ ಅಥವಾ ಪೈರಿಗೆ ಸಿಂಪಡಿಸಿದರೆ ಬೆಳೆಯೂ ಅಂಥ ಸಂಕಟವನ್ನು ಹೆಚ್ಚು ತಾಳಿಕೊಳ್ಳುತ್ತದೆ ಎಂಬುದು ವಾದ. ಈ ವಾದದೊಳಗೆ ಎರಡು ಬೇರೆ ಬೇರೆ ಸಂಗತಿಗಳು ಒಂದಕ್ಕೊಂದು ಅಂಟಿಕೊಂಡಿವೆ. ಯೀಸ್ಟ್ ತಾನು ಬದುಕುಳಿಯುವುದು ಒಂದು, ಪಕ್ಕದ ಗಿಡವನ್ನು ಬದುಕಿಸುವುದು ಇನ್ನೊಂದು. ಮೊದಲನೆಯದಕ್ಕೆ ಪುರಾವೆ ಧಾರಾಳವಾಗಿದೆ. ಎರಡನೆಯದಕ್ಕೆ ನಮ್ಮ ಹೊಲಗಳ ಮಟ್ಟದಲ್ಲಿ ಪುರಾವೆ ಇನ್ನೂ ತೆಳುವಾಗಿದೆ.

ಯೀಸ್ಟ್ ಎಂದರೆ ಏಕಕೋಶದ ಶಿಲೀಂಧ್ರ. ಬ್ರೆಡ್ಡು ಉಬ್ಬಿಸುವ, ಬಿಯರ್ ಹುದುಗಿಸುವ ಸ್ಯಾಕರೋಮೈಸಿಸ್ ಸೆರೆವಿಸಿಯೆ ಅದರ ಒಂದು ಜಾತಿ ಮಾತ್ರ. ಮಣ್ಣು, ಎಲೆ, ಹೂವಿನ ಮಕರಂದ, ಹಣ್ಣಿನ ಸಿಪ್ಪೆ, ಸಮುದ್ರದ ನೀರು, ಹೀಗೆ ಎಲ್ಲೆಡೆ ಬೇರೆ ಬೇರೆ ಜಾತಿಯ ಯೀಸ್ಟ್‌ಗಳಿವೆ. ಮಣ್ಣಿನಲ್ಲಿ ಮಾತ್ರ ಇವು ಅಲ್ಪಸಂಖ್ಯಾತರು: ಫಲವತ್ತಾದ ಒಂದು ಗ್ರಾಂ ಮಣ್ಣಿನಲ್ಲಿ ಬ್ಯಾಕ್ಟೀರಿಯಾಗಳು ಕೋಟಿಗಳ ಲೆಕ್ಕದಲ್ಲಿದ್ದರೆ ಯೀಸ್ಟ್‌ಗಳು ನೂರು, ಸಾವಿರ, ಹೆಚ್ಚೆಂದರೆ ಲಕ್ಷಗಳ ಲೆಕ್ಕದಲ್ಲಿರುತ್ತವೆ. ಎಲೆಯ ಮೇಲ್ಮೈಯಲ್ಲಿ ಅವುಗಳ ಸ್ಥಿತಿ ಉತ್ತಮ. ಎಲೆಯಿಂದ ಜಿನುಗುವ ಸಕ್ಕರೆ ಅಲ್ಲಿ ಸಿಗುತ್ತದೆ. ರೊಡೊಟೊರುಲಾ, ಸ್ಪೊರೊಬೊಲೊಮೈಸಿಸ್‌ನಂಥ ಗುಲಾಬಿ ಬಣ್ಣದ ಯೀಸ್ಟ್‌ಗಳಲ್ಲಿರುವ ಕ್ಯಾರೊಟಿನಾಯ್ಡ್ ವರ್ಣದ್ರವ್ಯ ಬಿಸಿಲಿನ ಹಾನಿಯಿಂದ ಅವನ್ನು ಕಾಯುತ್ತದೆ.

ಯೀಸ್ಟ್‌ನ ತಾಳಿಕೆಗೆ ಕಾರಣಗಳು ಚೆನ್ನಾಗಿ ತಿಳಿದಿರುವಂಥವೇ. ಸುತ್ತಲ ನೀರು ಕಡಿಮೆಯಾದಾಗ ಅಥವಾ ಉಪ್ಪು ಹೆಚ್ಚಾದಾಗ ಕೋಶದೊಳಗಿನ ನೀರು ಹೊರಗೆ ಸೋರದಂತೆ ಯೀಸ್ಟ್ ಗ್ಲಿಸರಾಲ್ ತಯಾರಿಸಿ ತುಂಬಿಕೊಳ್ಳುತ್ತದೆ. ಪೂರ್ತಿ ಒಣಗುವ ಹೊತ್ತಿಗೆ ಟ್ರೆಹಲೋಸ್ ಎಂಬ ಸಕ್ಕರೆ ಪೊರೆಗಳನ್ನೂ ಪ್ರೋಟೀನ್‌ಗಳನ್ನೂ ಮುರಿಯದಂತೆ ಹಿಡಿದಿಡುತ್ತದೆ. ದಿನಸಿ ಅಂಗಡಿಯ ಡ್ರೈ ಯೀಸ್ಟ್ ಪೊಟ್ಟಣ ತಿಂಗಳುಗಟ್ಟಲೆ ಕಪಾಟಿನಲ್ಲಿದ್ದು, ಉಗುರುಬೆಚ್ಚನೆಯ ಸಕ್ಕರೆ ನೀರಿಗೆ ಹಾಕಿದ ಹತ್ತು ನಿಮಿಷಕ್ಕೆ ನೊರೆ ಎಬ್ಬಿಸುವುದು ಇದರಿಂದಲೇ. ಸಮುದ್ರದ ನೀರಿನಲ್ಲಿ ಉಪ್ಪಿನಂಶ ಶೇ 3.5ರಷ್ಟಿರುತ್ತದೆ, ಡೆಬರಿಯೋಮೈಸಿಸ್ ಹ್ಯಾನ್ಸೆನಿ ಎಂಬ ಯೀಸ್ಟ್ ಶೇ 20ಕ್ಕೂ ಹೆಚ್ಚು ಉಪ್ಪಿರುವ ದ್ರಾವಣದಲ್ಲಿಯೂ ಬೆಳೆಯಬಲ್ಲದು. ಹೆಚ್ಚಿನ ಯೀಸ್ಟ್‌ಗಳಿಗೆ 25ರಿಂದ 30 ಡಿಗ್ರಿ ಹಿತವಾದರೆ, ಕ್ಲೂವೆರೋಮೈಸಿಸ್ ಮಾರ್ಕ್ಸಿಯಾನಸ್ 45 ಡಿಗ್ರಿಯಲ್ಲಿಯೂ ಬೆಳೆಯುತ್ತದೆ.

ಇಷ್ಟೆಲ್ಲ ಇದ್ದರೂ, ಯೀಸ್ಟ್ ತನ್ನ ಕೋಶದೊಳಗೆ ತುಂಬಿಕೊಂಡ ಗ್ಲಿಸರಾಲ್‌ನಿಂದ ಪಕ್ಕದ ರಾಗಿ ಪೈರಿಗೆ ನೇರವಾಗಿ ದಕ್ಕುವುದು ಏನೂ ಇಲ್ಲ. ಗಿಡಕ್ಕೆ ಪ್ರಯೋಜನವಾಗಬೇಕಾದರೆ ಯೀಸ್ಟ್ ಬೇರಿನ ಬಳಿ ಬದುಕಿದ್ದು, ಬೇರೆಯೇ ಕೆಲವು ಕೆಲಸಗಳನ್ನು ಮಾಡಬೇಕು. ಬರಸಹಿಷ್ಣುತೆ ಆ ಕೆಲಸಕ್ಕೆ ಅವಕಾಶ ಮಾಡಿಕೊಡುವ ಅರ್ಹತೆಯೇ ಹೊರತು ಆ ಕೆಲಸವೇ ಅಲ್ಲ. ಸಂಶೋಧನಾ ಪ್ರಬಂಧಗಳ ಶೀರ್ಷಿಕೆಗಳಲ್ಲಿ ಈ ಗೆರೆ ಅಳಿಸಿಹೋಗುತ್ತಿರುವುದು ನನಗೆ ಆತಂಕದ ವಿಷಯವಾಗಿ ಕಾಣುತ್ತದೆ.

ಆ ಕೆಲಸಗಳ ಪೈಕಿ ಬರಗಾಲಕ್ಕೆ ಹೆಚ್ಚು ನಿಕಟವಾದದ್ದು ಎಥಿಲೀನ್‌ಗೆ ಸಂಬಂಧಿಸಿದ್ದು. ನೀರು ಸಾಲದೆ ಬಾಡುವ ಗಿಡ ಎಥಿಲೀನ್ ಅನಿಲವನ್ನು ಹೆಚ್ಚು ಉತ್ಪಾದಿಸುತ್ತದೆ. ಬೇರು ಬೆಳೆಯುವುದು ನಿಧಾನವಾಗುತ್ತದೆ, ಎಲೆ ಬೇಗ ಹಣ್ಣಾಗುತ್ತದೆ. ಎಥಿಲೀನ್ ಆಗಿ ಮಾರ್ಪಡುವ ಮೂಲವಸ್ತು ಎಸಿಸಿ. ಅದನ್ನು ಒಡೆದುಹಾಕುವ ಕಿಣ್ವವಿರುವ ಸೂಕ್ಷ್ಮಜೀವಿ ಬೇರಿನ ಮೇಲೆ ನೆಲೆಸಿದರೆ ಎಸಿಸಿ ಎಥಿಲೀನ್ ಆಗುವ ಮೊದಲೇ ಕರಗಿ, ಬೇರು ಇನ್ನಷ್ಟು ಆಳಕ್ಕಿಳಿಯಲು ಗಿಡಕ್ಕೆ ಕಾಲಾವಕಾಶ ಸಿಗುತ್ತದೆ. ಈ ಕಿಣ್ವದ ಮಾತು ಬಂದಾಗ ಸಾಮಾನ್ಯವಾಗಿ ಸ್ಯೂಡೊಮೊನಾಸ್ ಬ್ಯಾಕ್ಟೀರಿಯಾವನ್ನೇ ಹೆಸರಿಸುತ್ತಾರೆ. ಆದರೆ 1970ರ ದಶಕದ ಆರಂಭಿಕ ಸಂಶೋಧನೆಯಲ್ಲಿಯೇ ಹ್ಯಾನ್ಸೆನುಲಾ ಸ್ಯಾಟರ್ನಸ್ ಎಂಬ ಯೀಸ್ಟ್‌ನಲ್ಲಿಯೂ ಅದು ಕಂಡುಬಂದಿತ್ತು, ಮುಂದೆ ಅದರ ಹರಳಿನ ರಚನೆಯನ್ನು ಬಿಡಿಸಿದ್ದೂ ಆ ಯೀಸ್ಟ್‌ನ ಕಿಣ್ವದ ಮೇಲೆಯೇ. ಆದ್ದರಿಂದ ಯೀಸ್ಟ್ ಇಂಥ ಕೆಲಸ ಮಾಡಬಲ್ಲದೆಂಬ ಮಾತು ಆಧಾರವಿಲ್ಲದ್ದಲ್ಲ.

ಇನ್ನೊಂದು ಕೆಲಸ ಇಂಡೋಲ್ ಅಸಿಟಿಕ್ ಆಮ್ಲದ ಉತ್ಪಾದನೆ. ಇದು ಗಿಡದ ಬೇರು ಕವಲೊಡೆಯುವಂತೆ ಮಾಡುವ ಹಾರ್ಮೋನು. ಇದನ್ನು ಪತ್ತೆ ಮಾಡುವ ಪ್ರಯೋಗವನ್ನು ಹತ್ತಿರದಿಂದ ನೋಡಿದರೆ ಅದರ ಬಲವೂ ಮಿತಿಯೂ ತಿಳಿಯುತ್ತವೆ. ಈ ಹಾರ್ಮೋನಿಗೆ ಕಚ್ಚಾವಸ್ತುವಾದ ಟ್ರಿಪ್ಟೊಫ್ಯಾನ್ ಎಂಬ ಅಮೈನೊ ಆಮ್ಲ ಬೆರೆಸಿದ ದ್ರವದಲ್ಲಿ ಯೀಸ್ಟನ್ನು ಕೆಲವು ದಿನ ಬೆಳೆಸಿ, ಕೋಶಗಳನ್ನು ಬೇರ್ಪಡಿಸಿ, ಉಳಿದ ತಿಳಿಗೆ ಸಾಲ್ಕೋವ್‌ಸ್ಕಿ ದ್ರಾವಣ ಹಾಕಿ ಕತ್ತಲಲ್ಲಿ ಅರ್ಧ ಗಂಟೆ ಇಡುತ್ತಾರೆ. ಹಾರ್ಮೋನು ಇದ್ದರೆ ಪ್ರನಾಳದ ದ್ರವ ಗುಲಾಬಿಗೆ ತಿರುಗುತ್ತದೆ. ಬಣ್ಣ ಗಾಢವಾದಷ್ಟೂ ಪ್ರಮಾಣ ಹೆಚ್ಚು. ಯೀಸ್ಟ್‌ಗೆ ಈ ಶಕ್ತಿಯಿದೆ ಎಂಬುದನ್ನು ಗುಲಾಬಿ ಬಣ್ಣ ತೋರಿಸುತ್ತದೆ. ಆದರೆ ಪ್ರನಾಳದಲ್ಲಿ ಕೈಯಾರೆ ಬೆರೆಸಿದ ಟ್ರಿಪ್ಟೊಫ್ಯಾನ್ ಹೊಲದ ಮಣ್ಣಿನಲ್ಲಿ ಅಷ್ಟು ಧಾರಾಳವಾಗಿ ಸಿಗುವುದಿಲ್ಲ. ಸಿಕ್ಕಿದರೂ ಹಾರ್ಮೋನು ಅತಿಯಾದರೆ ಬೇರು ಉದ್ದವಾಗುವುದರ ಬದಲು ಕುಗ್ಗುತ್ತದೆ. ಬಣ್ಣ ಗಾಢವಾಗಿದ್ದ ತಳಿಯೇ ಹೊಲಕ್ಕೂ ಒಳ್ಳೆಯದು ಎಂದು ತೀರ್ಮಾನಿಸಲು ಬರುವುದಿಲ್ಲ.

ರಂಜಕದ ವಿಷಯದಲ್ಲಿ ಪ್ರಯೋಗಾಲಯಕ್ಕೂ ಬೆಂಗಳೂರು ಸುತ್ತಲಿನ ಹೊಲಕ್ಕೂ ಇರುವ ದೂರ ಇನ್ನೂ ಸ್ಪಷ್ಟ. ರಂಜಕ ಕರಗಿಸುವ ಸೂಕ್ಷ್ಮಜೀವಿಗಳನ್ನು ಆರಿಸಲು ಟ್ರೈಕ್ಯಾಲ್ಸಿಯಂ ಫಾಸ್ಫೇಟ್ ಬೆರೆಸಿದ ಪಿಕೊವ್‌ಸ್ಕಯಾ ಮಾಧ್ಯಮವನ್ನು ಬಳಸುವುದು ರೂಢಿ. ಅದರ ಮೇಲೆ ಬೆಳೆದ ಸೂಕ್ಷ್ಮಜೀವಿಯ ವಸಾಹತಿನ (ಗುಂಪಿನ) ಸುತ್ತ ತಿಳಿಯಾದ ಬಳೆ ಮೂಡಿದರೆ ಆ ಜೀವಿ ಪಾಸು. ನಮ್ಮ ಕೆಂಪು ಮಣ್ಣಿನಲ್ಲಿ ರಂಜಕವನ್ನು ಹಿಡಿದಿಟ್ಟುಕೊಂಡಿರುವುದು ಮುಖ್ಯವಾಗಿ ಕಬ್ಬಿಣ ಮತ್ತು ಅಲ್ಯುಮಿನಿಯಂ. ಅವುಗಳ ಹಿಡಿತ ಸುಣ್ಣಾಂಶದ ಹಿಡಿತಕ್ಕಿಂತ ಬಲವಾದದ್ದು. ಸುಣ್ಣದ ಫಾಸ್ಫೇಟ್ ಕರಗಿಸಿ ತೋರಿಸಿದ ಯೀಸ್ಟ್ ಕೋಲಾರದ ಕೆಮ್ಮಣ್ಣಿನಲ್ಲಿಯೂ ರಂಜಕ ಬಿಡಿಸೀತೆಂದು ನಂಬಲು ಆ ಬಳೆ ಸಾಲದು. ಹಾಗೆಂದು ಕೆಂಪು ಮಣ್ಣು ಯೀಸ್ಟ್‌ಗೆ ಪ್ರತಿಕೂಲವೆಂದೇನೂ ಅಲ್ಲ. ಹೆಚ್ಚಿನ ಬ್ಯಾಕ್ಟೀರಿಯಾಗಳು ತಟಸ್ಥ ಮಣ್ಣನ್ನು ಬಯಸುತ್ತವೆ. ಯೀಸ್ಟ್‌ಗಳು ತುಸು ಹುಳಿಮಣ್ಣಿನಲ್ಲಿ ನೆಮ್ಮದಿಯಾಗಿರುತ್ತವೆ. ಕೆಲವು ಯೀಸ್ಟ್‌ಗಳು ಫೈಟೇಸ್ ಕಿಣ್ವದ ಮೂಲಕ ಸಾವಯವ ರಂಜಕವನ್ನು ಬಿಡಿಸುತ್ತವೆ, ರೊಡೊಟೊರುಲಾ ಜಾತಿಯ ಕೆಲವು ಯೀಸ್ಟ್‌ಗಳು ಕಬ್ಬಿಣವನ್ನು ಹಿಡಿದು ತರುವ ರೊಡೊಟೊರುಲಿಕ್ ಆಮ್ಲವನ್ನು ಸ್ರವಿಸುತ್ತವೆ. ನಮ್ಮ ಮಣ್ಣಿಗೆ ತಳಿ ಆರಿಸುವವರು ಹುಡುಕಬೇಕಾದ ಗುಣಗಳು ಇಂಥವು. ಸಾರಜನಕದ ಆಸೆಯನ್ನಂತೂ ಇಟ್ಟುಕೊಳ್ಳುವಂತಿಲ್ಲ. ಗಾಳಿಯ ಸಾರಜನಕವನ್ನು ಸ್ಥಿರೀಕರಿಸುವ ಶಕ್ತಿ ಯಾವ ಯೀಸ್ಟ್‌ಗೂ ಇಲ್ಲ.

ಬದುಕಿರುವ ಯೀಸ್ಟ್ ಏನು ಮಾಡುತ್ತದೆ ಎಂಬುದರ ಜೊತೆಗೆ ಸತ್ತ ಯೀಸ್ಟ್ ಏನು ಮಾಡುತ್ತದೆ ಎಂಬುದನ್ನೂ ಕೇಳಲೇಬೇಕು. ಯೀಸ್ಟ್ ಕೋಶ ಎಂದರೆ ಅಮೈನೊ ಆಮ್ಲ, ಬಿ ಜೀವಸತ್ವ, ಸಾರಜನಕ, ರಂಜಕಗಳ ಗಂಟು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಸಂಶೋಧಕರು 2010ರಲ್ಲಿ ಅರಬಿಡಾಪ್ಸಿಸ್ (ಪ್ರಯೋಗಾಲಯಗಳಲ್ಲಿ ಮಾದರಿಯಾಗಿ ಬಳಸುವ ಪುಟ್ಟ ಗಿಡ) ಮತ್ತು ಟೊಮೆಟೊ ಗಿಡಗಳ ಬೇರುಗಳು ಬ್ಯಾಕ್ಟೀರಿಯಾ ಹಾಗೂ ಯೀಸ್ಟ್ ಕೋಶಗಳನ್ನು ಒಳಗೆಳೆದುಕೊಂಡು ಪೋಷಕಾಂಶವಾಗಿ ಬಳಸಿಕೊಳ್ಳುತ್ತವೆ ಎಂದು ವರದಿ ಮಾಡಿದರು. ಹಾಗಿರುವಾಗ ಯೀಸ್ಟ್ ಹಾಕಿದ ಕುಂಡದಲ್ಲಿ ಗಿಡ ಎತ್ತರವಾಗಿ ಬೆಳೆದರೆ ಅದು ಜೀವಂತ ಯೀಸ್ಟ್‌ನ ಉಪಕಾರವೋ, ಯೀಸ್ಟ್ ಎಂಬ ಗೊಬ್ಬರದ ಉಪಕಾರವೋ ಎಂಬುದನ್ನು ಬಿಡಿಸಿ ಹೇಳಬೇಕಾಗುತ್ತದೆ. ಅದಕ್ಕೆ ಉಪಾಯವೂ ಸರಳ: ಒಂದು ಕುಂಡಕ್ಕೆ ಜೀವಂತ ಯೀಸ್ಟ್, ಇನ್ನೊಂದಕ್ಕೆ ಅಷ್ಟೇ ಪ್ರಮಾಣದ ಕುದಿಸಿ ಕೊಂದ ಯೀಸ್ಟ್, ಮತ್ತೊಂದಕ್ಕೆ ಯೀಸ್ಟ್ ಬೆಳೆಸಿ ಸೋಸಿದ ದ್ರವ, ಕೊನೆಯದಕ್ಕೆ ಬರೀ ನೀರು. ಬರೀ ನೀರಿನೊಂದಿಗೆ ಮಾತ್ರ ಹೋಲಿಸಿದ ಪ್ರಯೋಗದಿಂದ ಈ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ.

ಬೆಂಗಳೂರಿನಲ್ಲಿ ಈ ಭೇದಕ್ಕೆ ಹಣದ ಲೆಕ್ಕವೂ ಇದೆ. ಇಂದಿರಾನಗರ, ಕೋರಮಂಗಲ, ವೈಟ್‌ಫೀಲ್ಡ್‌ಗಳ ಮೈಕ್ರೋಬ್ರೂವರಿಗಳಲ್ಲಿ ಬಿಯರ್ ತೊಟ್ಟಿಯ ತಳದಲ್ಲಿ ಉಳಿಯುವ ಯೀಸ್ಟ್ ಗಸಿಗೆ ಬೆಲೆಯೇ ಇಲ್ಲ. ಸತ್ತ ಯೀಸ್ಟ್‌ನಿಂದಲೇ ಹೆಚ್ಚಿನ ಪ್ರಯೋಜನವಾಗುವುದಾದರೆ ವಿಶೇಷ ತಳಿ, ಲೇಪನ ತಂತ್ರಜ್ಞಾನ, ದುಬಾರಿ ಬಾಟಲಿ ಯಾವುದೂ ಬೇಡ. ಆ ಗಸಿಯನ್ನೇ ಕಾಂಪೋಸ್ಟ್‌ಗೆ ಬೆರೆಸಿದರಾಯಿತು. ಬೆಲ್ಲ ಮತ್ತು ದ್ವಿದಳ ಹಿಟ್ಟು ಹಾಕಿ ಹುದುಗಿಸುವ ಜೀವಾಮೃತದಲ್ಲಿಯೂ ಬ್ಯಾಕ್ಟೀರಿಯಾಗಳ ಜೊತೆ ಯೀಸ್ಟ್‌ಗಳು ಬೆಳೆಯುತ್ತವೆ, ಆದರೆ ಯಾವ ಜಾತಿ, ಎಷ್ಟು ಎಂಬುದು ತೊಟ್ಟಿಯಿಂದ ತೊಟ್ಟಿಗೆ ಬದಲಾಗುತ್ತದೆ.

ಇನ್ನು ಪ್ರಮಾಣದ ಲೆಕ್ಕ. ಜೈವಿಕ ಗೊಬ್ಬರಗಳಿಗೆ ಸರ್ಕಾರ ನಿಗದಿಪಡಿಸಿರುವ ಮಾನದಂಡದ ಪ್ರಕಾರ ದ್ರವರೂಪದ ಒಂದು ಮಿಲಿಲೀಟರ್‌ನಲ್ಲಿ ಕನಿಷ್ಠ 10 ಕೋಟಿ ಜೀವಂತ ಕೋಶಗಳಿರಬೇಕು. ಅಂಥ ಒಂದು ಲೀಟರ್ ದ್ರವದಲ್ಲಿ 10,000 ಕೋಟಿ ಕೋಶಗಳಿದ್ದಂತಾಯಿತು. ಕೇಳಲು ದೊಡ್ಡ ಸಂಖ್ಯೆಯೇ. ಆದರೆ ಒಂದು ಎಕರೆಯ ಮೇಲ್ಪದರದ 15 ಸೆಂಟಿಮೀಟರ್ ಮಣ್ಣು ಸುಮಾರು 9 ಲಕ್ಷ ಕಿಲೋ ತೂಗುತ್ತದೆ. ಆ ಲೀಟರನ್ನು ಎಕರೆ ತುಂಬ ಎರಚಿದರೆ ಒಂದು ಗ್ರಾಂ ಮಣ್ಣಿಗೆ ಸಿಗುವುದು 110ರ ಆಸುಪಾಸಿನಷ್ಟು ಕೋಶಗಳು. ಅಲ್ಲಿ ಮೊದಲೇ ಬೀಡುಬಿಟ್ಟಿರುವ ಕೋಟ್ಯಂತರ ಜೀವಿಗಳ ನಡುವೆ ಅವು ಲೆಕ್ಕಕ್ಕೇ ಇಲ್ಲ. ಅದೇ ದ್ರವದ 100 ಮಿಲಿಲೀಟರನ್ನು ಎಕರೆಗೆ ಬೇಕಾದ 5 ಕಿಲೋ ರಾಗಿ ಬೀಜಕ್ಕೆ ಅಂಟುಬೆಲ್ಲದ ನೀರಿನೊಂದಿಗೆ ಲೇಪಿಸಿ ನೆರಳಿನಲ್ಲಿ ಒಣಗಿಸಿದರೆ ಒಂದೊಂದು ಕಾಳಿನ ಮೇಲೂ ಸುಮಾರು 6,000 ಕೋಶಗಳು ಕೂರುತ್ತವೆ, ಅದೂ ಮೊಳಕೆಯ ಬೇರು ಹೊರಡುವ ಜಾಗದಲ್ಲಿಯೇ. ಬಿತ್ತನೆಯಾದ ಮೇಲೆ ಮಳೆ ಹತ್ತು ದಿನ ತಡವಾದರೆ ಆ ಕಾಳಿನ ಮೇಲಿನ ಕೋಶಗಳು ಒಣ ಮಣ್ಣಿನಲ್ಲಿ ಬದುಕಿರಬೇಕಾಗುತ್ತದೆ. ಯೀಸ್ಟ್‌ನ ತಾಳಿಕೆ ರೈತನಿಗೆ ನಿಜವಾಗಿ ದಕ್ಕುವುದು ಈ ಹತ್ತು ದಿನಗಳಲ್ಲಿ.

ಅದಕ್ಕಿಂತಲೂ ಮೊದಲು, ದಾಸ್ತಾನಿನಲ್ಲಿಯೂ ಆ ತಾಳಿಕೆ ಬೆಲೆಬಾಳುತ್ತದೆ. ನಮ್ಮಲ್ಲಿ ಅಜಟೋಬ್ಯಾಕ್ಟರ್, ಅಜೋಸ್ಪಿರಿಲಂ, ರೈಜೋಬಿಯಂ ಬ್ಯಾಕ್ಟೀರಿಯಾಗಳು ಬಹುಕಾಲದಿಂದ ಲಿಗ್ನೈಟ್ ಎಂಬ ಕಲ್ಲಿದ್ದಲ ಪುಡಿಯಲ್ಲಿ ಬೆರೆತು ಪ್ಲಾಸ್ಟಿಕ್ ಪೊಟ್ಟಣಗಳಲ್ಲಿ ಬರುತ್ತಿವೆ. ಆ ಕಪ್ಪು ಪುಡಿಯ ತೇವ ಆರಿದಂತೆಲ್ಲ ಬ್ಯಾಕ್ಟೀರಿಯಾಗಳು ಸಾಯುತ್ತವೆ. ಗೊಬ್ಬರದಂಗಡಿಯ ತಗಡಿನ ಚಾವಣಿಯ ಕೆಳಗೆ ಏಪ್ರಿಲ್, ಮೇ ಕಳೆದ ಪೊಟ್ಟಣವನ್ನು ಜೂನ್‌ನಲ್ಲಿ ಕೊಂಡ ರೈತ ಬರೀ ಕಲ್ಲಿದ್ದಲ ಪುಡಿಯನ್ನೇ ಬೀಜಕ್ಕೆ ಸವರುತ್ತಿರಬಹುದು. ನೋಡಿದರೆ ಎರಡಕ್ಕೂ ವ್ಯತ್ಯಾಸ ಕಾಣುವುದಿಲ್ಲ. ಜೈವಿಕ ಗೊಬ್ಬರದ ಮೇಲೆ ರೈತರಿಗೆ ನಂಬಿಕೆ ಕುಂದಿರುವುದಕ್ಕೆ ಇದೊಂದು ದೊಡ್ಡ ಕಾರಣವೆಂದು ನನ್ನ ಎಣಿಕೆ. ಒಣಗಿಸಿ ಕಾಳಾಗಿಸಬಹುದಾದ, ಕಾಕಂಬಿಯ ಮೇಲೆ ಅಗ್ಗವಾಗಿ ಬೆಳೆಯುವ, ಬೇಕರಿ ಉದ್ಯಮ ದಶಕಗಳಿಂದ ಪಳಗಿಸಿಕೊಂಡಿರುವ ಜೀವಿ ಈ ತೊಡಕನ್ನು ಬಹುಮಟ್ಟಿಗೆ ನೀಗಿಸಬಲ್ಲದು. ಇಳುವರಿ ಹೆಚ್ಚುತ್ತದೆಂಬ ಮಾತಿಗಿಂತ ಈ ಮಾತಿಗೆ ನಾನು ಹೆಚ್ಚು ತೂಕ ಕೊಡುತ್ತೇನೆ.

ಯಾವ ಬೆಳೆಗೆ ಎಂಬ ಪ್ರಶ್ನೆಗೆ ಉತ್ತರ ಶಿಲೀಂಧ್ರನಾಶಕದಲ್ಲಿದೆ. ಯೀಸ್ಟ್ ಶಿಲೀಂಧ್ರವೇ ಆದ್ದರಿಂದ ಶಿಲೀಂಧ್ರನಾಶಕ ಅದನ್ನೂ ಬಿಡುವುದಿಲ್ಲ. ಬ್ಯಾಕ್ಟೀರಿಯಾ ಆಧಾರಿತ ಗೊಬ್ಬರಗಳಿಗೆ ಸಾಮಾನ್ಯವಾಗಿ ಇಷ್ಟು ತೀವ್ರವಾಗಿರದ ತೊಂದರೆ ಇದು. ಥೈರಾಮ್ ಅಥವಾ ಕ್ಯಾಪ್ಟಾನ್ ಸವರಿದ ಬೀಜಕ್ಕೆ ಯೀಸ್ಟ್ ಲೇಪಿಸಿದರೆ ಹಣವೂ ಶ್ರಮವೂ ವ್ಯರ್ಥವಾಗುವ ಸಂಭವವೇ ಹೆಚ್ಚು. ಕೋಲಾರದ ಟೊಮೆಟೊ, ಚಿಕ್ಕಬಳ್ಳಾಪುರದ ದ್ರಾಕ್ಷಿ ತೋಟಗಳಲ್ಲಿ ಹಂಗಾಮಿನುದ್ದಕ್ಕೂ ಹೆಕ್ಸಕೊನಜೋಲ್, ಡೈಫೆನೊಕೊನಜೋಲ್‌ನಂಥ ಔಷಧಿಗಳ ಸಿಂಪಡಣೆ ನಡೆಯುತ್ತಿರುತ್ತದೆ. ಅಲ್ಲಿ ಯೀಸ್ಟ್‌ಗೆ ನೆಲೆಯೂರಲು ಬಿಡುವೇ ಸಿಗದು. ಔಷಧಿ ಸಿಂಪಡಣೆ ಕಡಿಮೆ ಇರುವ ರಾಗಿ, ಹುರುಳಿ, ಅವರೆ, ತೊಗರಿಗಳೇ ಅದಕ್ಕೆ ತಕ್ಕ ಬೆಳೆಗಳು. ತುಂಗಭದ್ರಾ ಅಚ್ಚುಕಟ್ಟಿನ ಸಿಂಧನೂರು, ಗಂಗಾವತಿ ಕಡೆಯ ಚೌಳು ಗದ್ದೆಗಳಿಗೆ ಉಪ್ಪು ತಾಳುವ ಯೀಸ್ಟ್‌ಗಳನ್ನು ಪರೀಕ್ಷಿಸುವುದರಲ್ಲಿಯೂ ಅರ್ಥವಿದೆ, ಆದರೆ ಯೀಸ್ಟ್ ಮಣ್ಣಿನ ಉಪ್ಪನ್ನು ತೊಲಗಿಸುವುದಿಲ್ಲ. ಬಸಿಗಾಲುವೆ, ಜಿಪ್ಸಂಗಳ ಜಾಗಕ್ಕೆ ಅದು ಬರಲಾರದು.

ಹೆಚ್ಚು ಚರ್ಚೆಗೆ ಬಾರದಿರುವ ವಿಷಯ ಸುರಕ್ಷತೆಯದು. ಯೀಸ್ಟ್ ಎಂದೊಡನೆ ಬ್ರೆಡ್ಡು ನೆನಪಾಗುವುದರಿಂದ ಎಲ್ಲ ಯೀಸ್ಟೂ ನಿರಪಾಯಕಾರಿ ಎಂಬ ಭಾವನೆ ಮೂಡುತ್ತದೆ. ಬೆಳೆಗೆ ನೆರವಾಗುತ್ತವೆಂದು ಸಂಶೋಧನೆಗಳಲ್ಲಿ ವರದಿಯಾಗಿರುವ ಜಾತಿಗಳ ಪೈಕಿ ಕ್ಯಾಂಡಿಡಾ ಟ್ರಾಪಿಕಾಲಿಸ್ ಕೂಡ ಒಂದು. ಆಸ್ಪತ್ರೆಗಳ ತೀವ್ರ ನಿಗಾ ಘಟಕಗಳಲ್ಲಿ ರಕ್ತಕ್ಕೆ ಸೋಂಕು ತರುವ ಯೀಸ್ಟ್‌ಗಳಲ್ಲಿ ಭಾರತದ ಮಟ್ಟಿಗೆ ಅದೇ ಮುಂಚೂಣಿಯಲ್ಲಿದೆ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಪ್ರಕಟಿಸಿದ ಆದ್ಯತೆಯ ರೋಗಕಾರಕ ಶಿಲೀಂಧ್ರಗಳ ಪಟ್ಟಿಯಲ್ಲಿ ಅದು ಎರಡನೆಯ ದರ್ಜೆಯಲ್ಲಿಯೂ, ಬಿಸಿ ಮತ್ತು ಆಮ್ಲಕ್ಕೆ ಜಗ್ಗದ ಪಿಚಿಯಾ ಕುದ್ರಿಯಾವ್ಝೆವಿ ಮೂರನೆಯ ದರ್ಜೆಯಲ್ಲಿಯೂ ಇವೆ. ಒತ್ತಡ ಸಹಿಷ್ಣುತೆಯನ್ನು ಮಾತ್ರ ಅಳತೆಗೋಲಾಗಿಸಿಕೊಂಡು ತಳಿ ಆರಿಸಿದರೆ ಬರುವ ತೊಡಕು ಇದೇ: ಹೆಚ್ಚು ಬಿಸಿಯಲ್ಲಿ ಬೆಳೆಯಬಲ್ಲ ಯೀಸ್ಟ್ ಮನುಷ್ಯನ ಮೈಯ 37 ಡಿಗ್ರಿಯಲ್ಲಿಯೂ ಆರಾಮವಾಗಿ ಬೆಳೆಯುತ್ತದೆ. ಇದರ ಜೊತೆಗೆ ಹೊಲದಲ್ಲಿ ಸಿಂಪಡಿಸುವ ಅಜೋಲ್ ಶಿಲೀಂಧ್ರನಾಶಕಗಳೂ ರೋಗಿಗಳಿಗೆ ಕೊಡುವ ಫ್ಲುಕೊನಜೋಲ್‌ನಂಥ ಔಷಧಿಗಳೂ ಒಂದೇ ಕುಟುಂಬದವು. ಶಿಲೀಂಧ್ರದ ಕೋಶದಲ್ಲಿ ಒಂದೇ ಕಿಣ್ವವನ್ನು ಹೊಡೆಯುತ್ತವೆ. ಅಂಥ ಹೊಲದಲ್ಲಿ ಬದುಕುಳಿಯಲು ಕಲಿತ ಕ್ಯಾಂಡಿಡಾ ಆಸ್ಪತ್ರೆಗೆ ಬೇಡವಾದ ಅತಿಥಿ. ಬೀಜಕ್ಕೆ ಕೈಯಿಂದಲೇ ಲೇಪನ ಮಾಡುವ, ಮುಖಕ್ಕೆ ಬಟ್ಟೆಯನ್ನೂ ಕಟ್ಟಿಕೊಳ್ಳದೆ ಸಿಂಪಡಿಸುವ ನಮ್ಮ ಪರಿಸ್ಥಿತಿಯಲ್ಲಿ ರೋಗಕಾರಕ ಜಾತಿಗಳನ್ನು, ಅವು ಎಷ್ಟೇ ಫಲಕಾರಿಯೆಂದು ಕಂಡರೂ, ಆರಂಭದಲ್ಲಿಯೇ ಬದಿಗಿಡುವುದು ಲೇಸು. ಡೆಬರಿಯೋಮೈಸಿಸ್, ಕ್ಲೂವೆರೋಮೈಸಿಸ್, ಸ್ಯಾಕರೋಮೈಸಿಸ್‌ಗಳಂತೆ ಆಹಾರದಲ್ಲಿ ದೀರ್ಘಕಾಲ ಬಳಕೆಯಲ್ಲಿರುವ ಜಾತಿಗಳಿಂದ ಆರಂಭಿಸಲು ಅಡ್ಡಿಯೇನಿಲ್ಲ.

ಕಾನೂನಿನ ಚೌಕಟ್ಟು ಸಾಕಷ್ಟು ಹೊಸದು. 1985ರ ರಸಗೊಬ್ಬರ ನಿಯಂತ್ರಣ ಆದೇಶದ ವ್ಯಾಪ್ತಿಗೆ ಜೈವಿಕ ಗೊಬ್ಬರಗಳು ಬಂದದ್ದು 2006ರಲ್ಲಿ. ಜೈವಿಕ ಉತ್ತೇಜಕಗಳು, ಅಂದರೆ ಬಯೋಸ್ಟಿಮ್ಯುಲಂಟ್‌ಗಳು, ಸೇರಿದ್ದು 2021ರ ಫೆಬ್ರವರಿಯಲ್ಲಿ. ಬೆಳವಣಿಗೆಗೆ ಎಂದು ಮಾರುವ ಯೀಸ್ಟ್ ಈ ಎರಡನೆಯ ಗುಂಪಿಗೆ ಹೊಂದುತ್ತದೆ. ಅದೇ ಯೀಸ್ಟ್ ಬೆಂಕಿರೋಗ ತಡೆಯುತ್ತದೆ ಎಂದು ಬಾಟಲಿಯ ಮೇಲೆ ಬರೆದರೆ ಅದು 1968ರ ಕೀಟನಾಶಕ ಕಾಯ್ದೆಗೆ ಸೇರುತ್ತದೆ, ನೋಂದಣಿಯ ದಾರಿಯೇ ಬೇರೆ. 2021ರ ನಿಯಮ ಉತ್ತೇಜಕಗಳ ಪರಿಣಾಮವನ್ನು ಮೂರು ಭಿನ್ನ ಕೃಷಿ ಪ್ರದೇಶಗಳಲ್ಲಿ ಒಂದು ಹಂಗಾಮು ಪರೀಕ್ಷಿಸಬೇಕೆಂದು ಹೇಳುತ್ತದೆ. ಸಾಮಾನ್ಯ ಉತ್ತೇಜಕಕ್ಕೆ ಇದು ಸಾಕಾಗಬಹುದೇನೋ. ಬರ ತಾಳಿಸುತ್ತದೆ ಎಂದು ಹೇಳಿಕೊಳ್ಳುವ ಉತ್ಪನ್ನಕ್ಕೆ ಸಾಲದು, ಏಕೆಂದರೆ ಪರೀಕ್ಷೆಯ ವರ್ಷ ಮಳೆ ಚೆನ್ನಾಗಿ ಬಂದರೆ ಆ ಹೇಳಿಕೆಯನ್ನು ಪರೀಕ್ಷಿಸಿದಂತೆಯೇ ಆಗುವುದಿಲ್ಲ. ಮಳೆ ಹದವಾಗಿದ್ದ ವರ್ಷದ ಇಳುವರಿ ಅಂಕಿಯನ್ನು ಹಿಡಿದು ಬರಸಹಿಷ್ಣುತೆಯ ಚೀಟಿ ಅಂಟಿಸಲು ಈಗಿನ ವ್ಯವಸ್ಥೆಯಲ್ಲಿ ದಾರಿ ತೆರೆದೇ ಇದೆ.

ಇದನ್ನು ಸರಿಯಾಗಿ ಪರೀಕ್ಷಿಸುವ ಅನುಕೂಲ ಬೆಂಗಳೂರಿನಲ್ಲಿಯೇ ಇದೆ. ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ಅಖಿಲ ಭಾರತ ಒಣಬೇಸಾಯ ಸಂಶೋಧನಾ ಯೋಜನೆಯ ಕೇಂದ್ರವಿದೆ, ಕೃಷಿ ಸೂಕ್ಷ್ಮಜೀವಿ ವಿಜ್ಞಾನ ವಿಭಾಗವೂ ಇದೆ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ಅರ್ಕಾ ಮೈಕ್ರೋಬಿಯಲ್ ಕನ್ಸಾರ್ಷಿಯಂ ಎಂಬ ಸೂಕ್ಷ್ಮಜೀವಿ ಮಿಶ್ರಣವನ್ನು ರೂಪಿಸಿ ರೈತರಿಗೆ ತಲುಪಿಸಿದ ಅನುಭವ ಹೊಂದಿದೆ. ಜಿಪಿಯು-28 ರಾಗಿಯನ್ನು ಮಳೆ ತಡೆಯುವ ಚಾವಣಿಯ ಕೆಳಗೊಂದು ತಾಕಿನಲ್ಲಿ, ಬಯಲಿನಲ್ಲಿ ಇನ್ನೊಂದು ತಾಕಿನಲ್ಲಿ ಬಿತ್ತಿ, ತೆಂಡೆಯೊಡೆಯುವ ಹಂತದಲ್ಲಿ ಒಮ್ಮೆ, ತೆನೆ ಹೊರಡುವ ಹಂತದಲ್ಲಿ ಒಮ್ಮೆ ಬೇಕೆಂದೇ ನೀರು ತಪ್ಪಿಸಿ, ಜೀವಂತ ಯೀಸ್ಟ್ ಮತ್ತು ಕೊಂದ ಯೀಸ್ಟ್ ಎರಡನ್ನೂ ಕೊಟ್ಟಿಗೆ ಗೊಬ್ಬರದೊಂದಿಗೂ ಅದಿಲ್ಲದೆಯೂ ಮೂರು ವರ್ಷ ಹೋಲಿಸಿ ನೋಡುವ ಪ್ರಯೋಗಕ್ಕೆ ವಿದೇಶಿ ಯಂತ್ರೋಪಕರಣವೇನೂ ಬೇಕಾಗಿಲ್ಲ. ಕೊಯ್ಲಿನ ಹೊತ್ತಿಗೆ ಬೇರನ್ನು ತೊಳೆದು, ಹಾಕಿದ ತಳಿ ಇನ್ನೂ ಅಲ್ಲಿದೆಯೇ ಎಂದು ಡಿಎನ್ಎ ಮೂಲಕ ಗುರುತಿಸುವುದನ್ನೂ ಸೇರಿಸಬೇಕು. ತಳಿ ಮಾಯವಾಗಿದ್ದೂ ಇಳುವರಿ ಹೆಚ್ಚಿದ್ದರೆ ಅದರ ಕಾರಣವನ್ನು ಬೇರೆಡೆ ಹುಡುಕಬೇಕಾಗುತ್ತದೆ. ಇಂಥ ಪ್ರಯೋಗದ ಖರ್ಚನ್ನು ಉತ್ಪನ್ನ ಮಾರುವ ಕಂಪನಿ ತಾನಾಗಿ ಹೊರುವುದಿಲ್ಲ, ಏಕೆಂದರೆ ನಿಯಮ ಅಷ್ಟನ್ನು ಕೇಳುವುದಿಲ್ಲ. ನಿಯಮ ಬದಲಾಗುವವರೆಗೆ ಅದು ಕೃಷಿ ವಿಶ್ವವಿದ್ಯಾಲಯದ ಸಂಶೋಧನಾ ಅನುದಾನದಿಂದಲೇ ನಡೆಯಬೇಕಾಗುತ್ತದೆ. ಅದರ ಫಲಿತಾಂಶ, ಯೀಸ್ಟ್ ಸೋತರೂ ಗೆದ್ದರೂ, ರೈತ ಸಂಪರ್ಕ ಕೇಂದ್ರಗಳಿಗೆ ಕನ್ನಡದಲ್ಲಿ ತಲುಪಬೇಕಾಗುತ್ತದೆ.